ಹಳೇ ಸ್ಪೈಡರ್, ಹೊಸ ವೈರಿಂಗ್: ಕೊಡಗಿನ ಮಳೆಯಲ್ಲಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಕೊಡಗಿನಲ್ಲಿ ಫಿಯಟ್ ಅಂದರೆ ಹಿರಿಯರಿಗೆ ಪದ್ಮಿನಿ ನೆನಪಾಗುತ್ತದೆ. ಸ್ವಲ್ಪ ಆಮೇಲಿನವರಿಗೆ 118 ಎನ್‌ಇ. ಆ 118 ಎನ್‌ಇಯ ಬಾಡಿ ಫಿಯಟ್ 124ರದ್ದು, ಎಂಜಿನ್ ನಿಸಾನ್ ಮೂಲದ್ದು. ನನ್ನ ಶೆಡ್ಡಿನಲ್ಲಿ ಇರೋದು ಅದೇ 124ರ ಎರಡು ಬಾಗಿಲಿನ, ಹುಡ್ (ಮೇಲಿನ ಚಾವಣಿ) ಮಡಚುವ ಅವತಾರ. 124 ಸ್ಪೈಡರ್. 1966ರಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮಾಡೆಲ್. ಬಾಡಿ ಪಿನಿನ್‌ಫರೀನಾದ್ದು, ಎರಡು ಕ್ಯಾಮ್‌ನ ಎಂಜಿನ್ ಔರೇಲಿಯೊ ಲಂಪ್ರೆಡಿ ಅವರದ್ದು. ನನ್ನ ಗಾಡಿ 1974ರದ್ದು, 1756 ಸಿಸಿ, ಎಡಗಡೆ ಸ್ಟೀರಿಂಗ್.

ಅದರಲ್ಲಿ ಈಗ ಹಳೇದು ಎಷ್ಟು ಉಳಿದಿದೆ ಅಂತ ಕೇಳಬೇಡಿ. ಕಾರ್ಬ್ಯುರೇಟರ್ ತೆಗೆದು ಇಂಜೆಕ್ಟರ್ ಹಾಕಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೋ ಹೋಗಿ, ಆ ಕೆಲಸಕ್ಕೆ ಕಾಯಿಲ್ ಪ್ಯಾಕ್ ಬಂತು. ಕ್ರ್ಯಾಂಕ್ ಪುಲ್ಲಿಗೆ 36 ಹಲ್ಲಿನಲ್ಲಿ ಒಂದು ಹಲ್ಲು ಬಿಟ್ಟ ಚಕ್ರ, ಅದನ್ನು ಓದಲು ಸೆನ್ಸರ್, ಎಲ್ಲವನ್ನೂ ನಡೆಸಲು ಹೊರಗಿನಿಂದ ತಂದ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಗೇರ್‌ಬಾಕ್ಸ್ ಬೇರೆ ಗಾಡಿಯದ್ದು, ಪ್ರೊಪೆಲ್ಲರ್ ಶಾಫ್ಟ್ ಲೇತ್‌ನಲ್ಲಿ ಮಾಡಿಸಿದ್ದು, ಹಿಂದಿನ ಆಕ್ಸಲ್ ಹೌಸಿಂಗ್‌ನಲ್ಲಿ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವ ಡಿಫರೆನ್ಷಿಯಲ್). ಇಷ್ಟೆಲ್ಲ ಮಾಡಿದ ಮೇಲೆ ಕೈಕೊಡದೆ ಇರುತ್ತಾ?

ಗಾಡಿ ನಿಂತಾಗ ಎಲ್ಲರೂ ಮೊದಲು ಬೈಯೋದು ಇಸಿಯುವಿಗೆ. ನಾನೂ ಬೈದಿದ್ದೇನೆ. ಆದರೆ ನನ್ನ ಗಾಡಿಯಲ್ಲಿ ಇಸಿಯು ಇವತ್ತಿನವರೆಗೆ ಒಂದು ಸಲವೂ ಕೆಟ್ಟಿಲ್ಲ. ಕೆಟ್ಟಿದ್ದೆಲ್ಲ ಹಳೇ ವೈರಿಗೆ ಹೊಸ ವೈರ್ ಸೇರಿಸಿದ ಕಡೆ, ಹಳೇ ಬಾಡಿಗೆ ಹೊಸ ಅರ್ಥ್ ಕೊಟ್ಟ ಕಡೆ, ಹಳೇ ಶಾಫ್ಟಿಗೆ ಹೊಸ ಗೇರ್‌ಬಾಕ್ಸ್ ಕೂಡಿಸಿದ ಕಡೆ. ಕೊಡಗಿನ ಮಳೆಗೂ ಆ ಜಾಗಗಳೇ ಇಷ್ಟ.

ಬಾನೆಟ್ ಎತ್ತುವ ಮುಂಚೆ

ಇಂಜೆಕ್ಟರ್ ಪೈಪಿನಲ್ಲಿ ಪೆಟ್ರೋಲ್ ಸುಮಾರು 3 ಬಾರ್ ಒತ್ತಡದಲ್ಲಿ ಇರುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಇದರ ಹತ್ತನೇ ಒಂದು ಭಾಗವೂ ಇರಲಿಲ್ಲ. ಆಗಿನ ಅಭ್ಯಾಸದಲ್ಲಿ ಪೈಪ್ ಎಳೆದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬಟ್ಟೆ ಸುತ್ತಿ ಬಿಚ್ಚಿ. ಕಣ್ಣಿಗೆ ಕನ್ನಡಕ ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ.

ಮಳೆ ಅಂತ ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರೋದಿಲ್ಲ. ತಲೆ ಭಾರ ಅನ್ನಿಸಿದಾಗಲೇ ತಡವಾಗಿರುತ್ತದೆ.

ನಮ್ಮ ಅಂಗಳಗಳು ಸಮ ಇರೋದು ಕಡಿಮೆ. ಇಳಿಜಾರಿನಲ್ಲಿ ಜಾಕಿ ಕೊಡಬೇಡಿ. ಸಮ ನೆಲದಲ್ಲೂ ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟ್ಯಾಂಡ್ ಇಟ್ಟ ಮೇಲೆಯೇ ಕೆಳಗೆ ಹೋಗಿ. ಕೀ ಆನ್ ಇದ್ದರೆ ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ, ಬೆರಳು ಜೋಪಾನ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಇಸಿಯು ಎರಡರ ಕನೆಕ್ಟರೂ ಕಳಚಿರಬೇಕು.

ಸಾಮಾನು ಜಾಸ್ತಿ ಬೇಡ. ಒಂದು ಮಲ್ಟಿಮೀಟರ್, 21 ವ್ಯಾಟಿನ ಬಲ್ಬಿಗೆ ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್, ಇಸಿಯು ನೋಡಲು ಲ್ಯಾಪ್‌ಟಾಪ್. ಆ ಟೆಸ್ಟ್ ಲ್ಯಾಂಪನ್ನು ಇಸಿಯುವಿನ ಸೆನ್ಸರ್ ವೈರಿಗೆ ಮಾತ್ರ ಮುಟ್ಟಿಸಬೇಡಿ. ಅದು ಎಳೆಯುವ ಕರೆಂಟಿಗೆ ಒಳಗಿನ ಬೋರ್ಡು ಸುಟ್ಟುಹೋಗಬಹುದು.

ಕೀ ತಿರುಗಿಸಿದರೆ ಸದ್ದಿಲ್ಲ, ಇಲ್ಲಾ ಬರೀ ಟಕ್ ಅನ್ನುತ್ತದೆ

ಮೊದಲು ಬ್ಯಾಟರಿ. ರಾತ್ರಿ ಇಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಬೇರೆ ಏನನ್ನೂ ಅನುಮಾನಿಸಬೇಡಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಂಡರೆ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ. ಖರ್ಚಿಲ್ಲದ ರಿಪೇರಿ ಇದು.

ಆಮೇಲೆ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ದಪ್ಪ ಕೇಬಲ್ ಸಡಿಲ. ಲೈಟ್ ಹಾಗೇ ಉರಿಯುತ್ತಿದ್ದರೆ ಸೆಲ್ಫ್ ಮೋಟರಿನವರೆಗೆ ಅಪ್ಪಣೆಯೇ ಹೋಗುತ್ತಿಲ್ಲ. ಕೀ ಸ್ವಿಚ್, ಸೆಲ್ಫ್ ಮೋಟರ್ ಮೇಲಿನ ಸೊಲೆನಾಯ್ಡ್‌ನ ಸಣ್ಣ ವೈರ್ ನೋಡಿ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ನಾನು ಎರಡು ತಿಂಗಳು ತಡವಾಗಿ ಕಲಿತೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ. ಯಾರಾದರೂ ಸೆಲ್ಫ್ ಹೊಡೆಯಲಿ. 0.2 ವೋಲ್ಟಿನ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ನನ್ನದು 1.4 ತೋರಿಸಿತು. ಗಾಡಿಗೆ ಹೊಸ ಪೇಂಟ್ ಹೊಡೆಸಿದ ಮೇಲೆ ಅರ್ಥ್ ವೈರಿನ ತುದಿಯ ಲಗ್ಗನ್ನು ಬಣ್ಣದ ಮೇಲೆಯೇ ಕೂರಿಸಿದ್ದರು. ಬಣ್ಣ ಕರೆಂಟ್ ಬಿಡೋದಿಲ್ಲ. ಸ್ಕ್ರೂ ಗೀರಿದ ಒಂದು ಎಳೆ ಜಾಗದಿಂದ ಎಷ್ಟು ಹರಿಯುತ್ತೋ ಅಷ್ಟೇ. ಉಳಿದ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಬರುತ್ತಿತ್ತು, ಕೇಬಲ್ ಮುಟ್ಟಿದರೆ ಬೆಚ್ಚಗೆ! ಅಷ್ಟು ಹೊತ್ತಿಗೆ ನಾನು ಹೊಸ ಬ್ಯಾಟರಿ ತಂದಾಗಿತ್ತು, ಸೆಲ್ಫ್ ಬಿಚ್ಚಿಸಿಯಾಗಿತ್ತು. ಕೊನೆಗೆ ಗೋಣಿಕೊಪ್ಪದ ವೈರಿಂಗ್ ಅಣ್ಣ ಬಂದು, ಉಪ್ಪುಕಾಗದದಲ್ಲಿ ನಾಣ್ಯದಷ್ಟು ಜಾಗ ಉಜ್ಜಿ, ಲಗ್ ಕೂರಿಸಿ, ಕಾಫಿ ಕುಡಿದು ಹೋದರು.

ಈ ಕಾಲದ ಫಿಯಟ್‌ಗಳಲ್ಲಿ ಕೀ ಸ್ವಿಚ್ ಮೂಲಕ ಜಾಸ್ತಿ ಕರೆಂಟ್ ಹಾಯುತ್ತದೆ. ಹೊಸ ಪಂಪ್, ಫ್ಯಾನ್, ಇಸಿಯು ಎಲ್ಲದಕ್ಕೂ ಅಲ್ಲಿಂದಲೇ ತೆಗೆದರೆ ಸ್ವಿಚ್ ಸುಡುತ್ತದೆ. ಅರ್ಧ ಗಂಟೆ ಓಡಿಸಿ ಸ್ವಿಚ್ಚಿನ ಹಿಂಬದಿ ಮುಟ್ಟಿ ನೋಡಿ. ಬಿಸಿ ಇದ್ದರೆ ಪ್ರತಿಯೊಂದಕ್ಕೂ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಹಾಕಿಸಿ, ಸ್ವಿಚ್ ಬರೀ ರಿಲೇ ಎಬ್ಬಿಸಲಿ.

ಒಂದು ಎಚ್ಚರಿಕೆ. ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ ಸುಯ್ ಅಂತ ತಿರುಗಿದರೆ ಅಲ್ಲೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು, ಹಲ್ಲು ಹಾರಿರಬಹುದು. ಇನ್ನೊಂದು ಸಲ ನೋಡೋಣ ಅಂತ ಹೊಡೆದರೆ ವಾಲ್ವ್ ಬಾಗಬಹುದು. ಬೆಲ್ಟ್ ಕವರ್ ತೆಗೆದು ಕಣ್ಣಿನಿಂದ ನೋಡಿದ ಮೇಲೆಯೇ ಮುಂದಿನ ಮಾತು.

ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗೋದಿಲ್ಲ

ಮೊದಲು ಕಿವಿ ಕೊಡಿ. ಕೀ ಆನ್ ಮಾಡಿದ ಕೂಡಲೇ ಹಿಂದಿನಿಂದ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು. ಸದ್ದಿಲ್ಲ ಅಂದರೆ ಫ್ಯೂಸ್, ರಿಲೇ, ಡಿಕ್ಕಿಯಲ್ಲಿರುವ ಪಂಪಿನ ಅರ್ಥ್, ಈ ಮೂರೇ. ರಿಲೇ ಮೇಲೆ ಅನುಮಾನ ಇದ್ದರೆ ಅದೇ ತರದ ಹಾರ್ನಿನ ರಿಲೇ ಕಿತ್ತು ಅದಲು ಬದಲು ಮಾಡಿ. ಹಳೇ ಫ್ಯೂಸ್ ಬಾಕ್ಸ್ ಇನ್ನೂ ಉಳಿಸಿಕೊಂಡಿದ್ದರೆ ಅದರ ತುದಿ ಚೂಪಾದ ಫ್ಯೂಸ್‌ಗಳನ್ನು ಸುಮ್ನೆ ಬೆರಳಿನಲ್ಲಿ ತಿರುಗಿಸಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ಹಾಗೆ ತಿರುಗಿಸಿದಾಗ ಜೀವ ಬಂದರೆ ಆ ಬಾಕ್ಸ್ ಬದಲಿಸುವ ಕಾಲ ಬಂದಿದೆ ಅಂತಲೇ ಅರ್ಥ.

ಪಂಪ್ ಓಡುತ್ತಿದೆಯಾ? ಈಗ ಲ್ಯಾಪ್‌ಟಾಪ್. ಸೆಲ್ಫ್ ಹೊಡೆಯುವಾಗ ಪರದೆ ಮೇಲೆ ಆರ್‌ಪಿಎಂ 150ರಿಂದ 250ರ ಆಸುಪಾಸು ಬರಬೇಕು. ಸೊನ್ನೆ ಬಂದರೆ ಕ್ರ್ಯಾಂಕ್ ಸೆನ್ಸರ್ ಹಲ್ಲು ನೋಡುತ್ತಿಲ್ಲ. ಕನೆಕ್ಟರ್ ಒತ್ತಿ, ಸೆನ್ಸರಿಗೂ ಹಲ್ಲಿಗೂ ನಡುವಿನ ಸಂದು ಅಳೆಯಿರಿ. ಸಾಮಾನ್ಯವಾಗಿ 1 ಮಿಲಿಮೀಟರ್ ಒಳಗೆ ಇರಬೇಕು. ಬ್ರ್ಯಾಕೆಟ್ ಅಲುಗಿದರೂ ಸಾಕು, ಕೆಲಸ ಕೆಡುತ್ತದೆ.

ಸೆಲ್ಫ್ ಹೊಡೆದ ಕೂಡಲೇ ಲ್ಯಾಪ್‌ಟಾಪಿನ ಸಂಪರ್ಕವೇ ಕಡಿದುಹೋಗುತ್ತದಾ? ಕೀ ಬಿಟ್ಟ ಕ್ಷಣ ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಗುತ್ತದಾ? ಹಾಗಾದರೆ ಇಸಿಯುವಿಗೆ ಕರೆಂಟ್ ಕೊಟ್ಟಿರೋದು ತಪ್ಪು ಜಾಗದಿಂದ. ಹಳೇ ಕೀ ಸ್ವಿಚ್‌ಗಳಲ್ಲಿ ಸೆಲ್ಫ್ ಹೊಡೆಯುವಾಗ ಕೆಲವು ಟರ್ಮಿನಲ್ ತಾವಾಗಿ ಕಟ್ ಆಗುತ್ತವೆ. ರೇಡಿಯೋಗೆ, ವೈಪರಿಗೆ ಅದು ಸರಿ. ಇಸಿಯುವಿಗೆ ಅದು ಸಾವು. ಕೀ ಆನ್‌ನಲ್ಲೂ ಸೆಲ್ಫ್‌ನಲ್ಲೂ ಕರೆಂಟ್ ಇರುವ ಟರ್ಮಿನಲ್ ಹುಡುಕಿ.

ಆಮೇಲೆ ಪ್ಲಗ್ ಬಿಚ್ಚಿ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಜಾಸ್ತಿಯಾಗಿದೆ. ಹೆಚ್ಚಿನ ಇಸಿಯುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಇಂಜೆಕ್ಟರ್ ಮುಚ್ಚಿಕೊಂಡು ಎಂಜಿನ್ ಒಣಗುತ್ತದೆ. ಪ್ಲಗ್ ಒಣಗಿದ್ದರೆ ಇಂಜೆಕ್ಟರಿನ ಫ್ಯೂಸ್ ನೋಡಿ. ಕಾಯಿಲ್ ಪ್ಯಾಕಿನ ಲೀಡ್ ಅದಲು ಬದಲಾಗಿದ್ದರೆ ಹಿಂದಕ್ಕೆ ಪಟಾಕಿ ಹೊಡೆಯುತ್ತದೆ. ಈ ಎಂಜಿನ್ನಿನ ಫೈರಿಂಗ್ ಕ್ರಮ 1-3-4-2. ಕಾಯಿಲ್ ಪ್ಯಾಕಿನಲ್ಲಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಕಿಡಿ ನೋಡಲು ಲೀಡ್ ಕೈಯಲ್ಲಿ ಹಿಡಿಯಬೇಡಿ. ಅಂಗಡಿಯಲ್ಲಿ ಸಿಗುವ ಸ್ಪಾರ್ಕ್ ಟೆಸ್ಟರ್ ಬಳಸಿ, ಅದೂ ಪೆಟ್ರೋಲ್ ಚೆಲ್ಲಿಲ್ಲ ಅಂತ ನೋಡಿಕೊಂಡು.

ಜೂನ್‌ನಲ್ಲಿ ನಿಲ್ಲಿಸಿದ ಗಾಡಿಯನ್ನು ಅಕ್ಟೋಬರ್‌ನಲ್ಲಿ ತೆಗೆಯುವವರು ಇನ್ನೊಂದು ನೋಡಬೇಕು. ಈಗ ಬಂಕಿನಲ್ಲಿ ಸಿಗೋದು ಶೇ 20 ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ನಮ್ಮ ಗಾಳಿಯಲ್ಲಿ ನೀರಿಗೇನು ಬರ? ಟ್ಯಾಂಕಿನ ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿ. ಹಾಗೇ ಹಳೇ ರಬ್ಬರ್ ಪೈಪ್‌ಗಳನ್ನೂ ಹಿಸುಕಿ ನೋಡಿ. ಮೆತ್ತಗಾಗಿದ್ದರೂ ಬಿರುಕು ಬಿಟ್ಟಿದ್ದರೂ ಗಾಡಿ ಓಡಿಸಬೇಡಿ.

ಮಳೆ ಬಂದರೆ ಮಿಸ್ಸಿಂಗ್, ಬಿಸಿಲು ಬಂದರೆ ಸರಿ

ಇದು ನಮ್ಮ ಊರಿನ ರೋಗ. ಒಂದು ಆಗಸ್ಟ್ ಸಂಜೆ ಭಾಗಮಂಡಲದಿಂದ ವಾಪಸ್ ಬರುವಾಗ ಚೇರಂಬಾಣೆ ಹತ್ತಿರ ಎಂಜಿನ್ ಮೂರು ಸಿಲಿಂಡರಿಗೆ ಇಳಿಯಿತು, ಆಮೇಲೆ ಎರಡಕ್ಕೆ, ಆಮೇಲೆ ಮೌನ. ಮಾವನ ಜೀಪಿಗೆ ಹಗ್ಗ ಕಟ್ಟಿ ಮನೆ ಸೇರಿದೆವು. "ಹೊಸದೆಲ್ಲ ಹಾಕಿಸಿದ್ದೀಯಲ್ಲ, ಜೀಪಿಗೆ ಏನೂ ಹಾಕಿಸಿಲ್ಲ ನೋಡು," ಅಂದರು ಮಾವ. ಬೆಳಿಗ್ಗೆ ಬಿಸಿಲಿಗೆ ಒಂದೇ ಏಟಿಗೆ ಸ್ಟಾರ್ಟ್.

ಇಂಥದ್ದನ್ನು ಹುಡುಕಲು ಕತ್ತಲೆ ಬೇಕು. ರಾತ್ರಿ ಎಂಜಿನ್ ಓಡಿಸಿ, ಬಾನೆಟ್ ಎತ್ತಿ, ಗಿಡಕ್ಕೆ ಹೊಡೆಯುವ ಸಣ್ಣ ಸ್ಪ್ರೇಯಿಂದ ಪ್ಲಗ್ ಲೀಡ್ ಮತ್ತು ಕಾಯಿಲ್ ಸುತ್ತ ಮಂಜಿನ ಹಾಗೆ ನೀರು ಬಿಡಿ. ದೂರದಿಂದ, ಕೈ ಹಿಂದಿಟ್ಟುಕೊಂಡು. ನೀಲಿ ಕಿಡಿ ಎಲ್ಲಿ ಹಾರುತ್ತೋ ಅಲ್ಲಿ ರಬ್ಬರ್ ಸತ್ತಿದೆ. ಲೀಡ್ ಬದಲಿಸಿ, ಮುಗಿಯಿತು.

ಕಿಡಿ ಕಾಣಲಿಲ್ಲ ಅಂದರೆ ನೀರು ಕನೆಕ್ಟರಿಗೆ ಇಳಿಯುತ್ತಿದೆ. ನನ್ನದು ಹಾಗೇ ಆಗಿತ್ತು. ಇಸಿಯು ಕಾಲಿನ ಜಾಗದಲ್ಲಿ, ಡ್ಯಾಶ್ ಕೆಳಗೆ. ಹುಡ್‌ನ ಮೂಲೆಯಿಂದ ಸೋರಿದ ನೀರು ವೈರಿನ ಕಟ್ಟು ಹಿಡಿದು ನಿಧಾನ ಇಳಿದು ಕನೆಕ್ಟರ್ ಒಳಗೆ ಕೂತಿತ್ತು. ಪಿನ್ನುಗಳೆಲ್ಲ ಹಸಿರು. ಪಿನ್ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಇಷ್ಟು ಮಾಡಿದರೆ ಮುಂದಿನ ಮಳೆಯವರೆಗೆ ಸರಿ. ನಿಜವಾದ ರಿಪೇರಿ ಬೇರೆ: ಕನೆಕ್ಟರ್‌ಗಿಂತ ಕೆಳಗೆ ವೈರ್ ಒಂದು ಜೋಲು ಬಿದ್ದು ಮತ್ತೆ ಮೇಲೆ ಹತ್ತಬೇಕು. ನೀರು ಆ ಜೋಲಿನ ತಳದಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಮೇಲೆ ಹತ್ತೋದಿಲ್ಲ. ಕನೆಕ್ಟರಿನ ಬಾಯಿ ಆಕಾಶ ನೋಡಬಾರದು.

ಇಲಿಯನ್ನೂ ಮರೆಯಬೇಡಿ. ತೋಟದ ಶೆಡ್ಡಿನಲ್ಲಿ ಮಳೆಗಾಲದಲ್ಲಿ ಎಂಜಿನ್ ಮೇಲಿನಷ್ಟು ಬೆಚ್ಚಗಿನ ಜಾಗ ಅವಕ್ಕೆ ಇನ್ನೊಂದಿಲ್ಲ. ವೈರಿನ ಕಟ್ಟನ್ನು ಉದ್ದಕ್ಕೂ ಬೆರಳಿನಲ್ಲಿ ಸವರಿ ನೋಡಿ, ಕಣ್ಣಿಗೆ ಕಾಣದ ಕಡಿತ ಬೆರಳಿಗೆ ಸಿಗುತ್ತದೆ.

ಮಳೆ ಇಲ್ಲದಿದ್ದರೂ 3,000 ಆರ್‌ಪಿಎಂ ದಾಟಿದರೆ ಕಟ್ ಆಗುತ್ತದೆ ಅನ್ನುವುದಾದರೆ ಅದು ಬೇರೆ ಕತೆ. ಇಸಿಯು ದಾಖಲಿಸಿದ ಲಾಗ್ ತೆಗೆದು ನೋಡಿ. ಆರ್‌ಪಿಎಂ ಗೆರೆ ನೆಟ್ಟಗೆ ಏರುತ್ತಾ ಇದ್ದಕ್ಕಿದ್ದಂತೆ 9,000ಕ್ಕೆ ಹಾರಿ ಸೊನ್ನೆಗೆ ಬಿದ್ದರೆ, ಕ್ರ್ಯಾಂಕ್ ಸೆನ್ಸರ್ ವೈರಿಗೆ ಪ್ಲಗ್ಗಿನ ಕಿಡಿಯ ವಿದ್ಯುತ್ ಗಲಾಟೆ ನುಗ್ಗುತ್ತಿದೆ. ಅಗ್ಗದಿಂದ ಶುರು ಮಾಡಿ. ಪ್ಲಗ್ ಈ ಗಲಾಟೆ ತಗ್ಗಿಸುವ ರೆಸಿಸ್ಟರ್ ಇರುವುದಾ? ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಬಿಪಿ6ಇಎಸ್ ಅಂದರೆ ಇಲ್ಲ, ಬಿಪಿಆರ್6ಇಎಸ್ ಅಂದರೆ ಇದೆ. ಸೆನ್ಸರ್ ವೈರನ್ನು ಪ್ಲಗ್ ಲೀಡಿನಿಂದ ದೂರ ಸರಿಸಿ. ಅದರ ಮೇಲಿನ ಜಾಲರಿ ಇಸಿಯು ಕಡೆ ಮಾತ್ರ ಅರ್ಥ್ ಆಗಿರಬೇಕು, ಎರಡೂ ಕಡೆ ಅಲ್ಲ. ಎರಡು ವೈರಿನ ಸೆನ್ಸರ್ ಆದರೆ ವೈರ್ ತಿರುವು ಮುರುವಾಗಿದ್ದರೂ ಹೀಗೇ ಆಗುತ್ತದೆ: ನಿಧಾನಕ್ಕೆ ಸರಿ, ಜೋರಾದರೆ ಗೊಂದಲ.

ಕಪ್ಪು ಹೊಗೆ, ಪಿಕಪ್ ಇಲ್ಲ, ಮೈಲೇಜ್ ಬಿದ್ದಿದೆ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇದನ್ನೇ ಪರೀಕ್ಷೆಗೆ ಬಳಸಿಕೊಳ್ಳಿ. ಎಂಜಿನ್ ಆಫ್, ಕೀ ಆನ್, ಲ್ಯಾಪ್‌ಟಾಪಿನಲ್ಲಿ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಏನು ಹೇಳುತ್ತದೆ ನೋಡಿ. ಮಡಿಕೇರಿಯಲ್ಲಿ 88 ಕಿಲೋಪ್ಯಾಸ್ಕಲ್ ಆಸುಪಾಸು ಇರಬೇಕು. ಸಂಪಾಜೆಗೆ ಇಳಿದರೆ 100ರ ಹತ್ತಿರ ಹೋಗಬೇಕು. ಮಡಿಕೇರಿಯಲ್ಲೇ 100 ತೋರಿಸಿದರೆ ಸೆನ್ಸರಿನ ಲೆಕ್ಕ ತಪ್ಪಾಗಿ ತುಂಬಿದ್ದಾರೆ. ಇಲ್ಲದ ಗಾಳಿಗೂ ಇಸಿಯು ಪೆಟ್ರೋಲ್ ಸುರಿಯುತ್ತಿದೆ.

ಇನ್ನೊಂದು ಬಿಟ್ಟಿ ಪರೀಕ್ಷೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಗಾಳಿಯ ಬಿಸಿ, ನೀರಿನ ಬಿಸಿ ಎರಡು ಸೆನ್ಸರೂ ಒಂದೇ ಅಂಕಿ ತೋರಿಸಬೇಕು. ಜನವರಿಯಲ್ಲಿ ಎರಡೂ 15 ಡಿಗ್ರಿ ಆದರೆ ಸಂತೋಷ. ನೀರಿನದ್ದು ಮೈನಸ್ 20 ಅಂದರೆ ಇಸಿಯು ಹಿಮದಲ್ಲಿ ಇದ್ದೇನೆ ಅಂದುಕೊಂಡು ಚೋಕ್ ಎಳೆದುಕೊಂಡೇ ಇರುತ್ತದೆ.

ಎರಡೂ ಸರಿ ಇದ್ದರೆ ಆಕ್ಸಿಜನ್ ಸೆನ್ಸರ್ ನೋಡಿ, ಲ್ಯಾಂಬ್ಡಾ ಲೆಕ್ಕದಲ್ಲೇ (1 ಅಂದರೆ ಗಾಳಿಗೆ ತಕ್ಕ ಪೆಟ್ರೋಲ್) ನೋಡಿ. ಬರೀ ಪೆಟ್ರೋಲಿಗೆ 14.7 ಅನ್ನುವ ಗಾಳಿ-ಇಂಧನದ ತೂಕದ ಅನುಪಾತ ಶೇ 20 ಎಥನಾಲಿಗೆ ಸುಮಾರು 13.5. ಇಸಿಯುವಿನಲ್ಲಿ ಹಳೇ ಪೆಟ್ರೋಲ್ ಲೆಕ್ಕವನ್ನೇ ಇಟ್ಟುಕೊಂಡರೆ ಪೆಟ್ರೋಲ್ ಸಾಲದೆ ಘಾಟಿಯಲ್ಲಿ ಎಂಜಿನ್ ಟಿಣಿಟಿಣಿ ಬಡಿದುಕೊಳ್ಳುತ್ತದೆ. ಆ ಸದ್ದು ಕೇಳಿದರೆ ಕಾಲು ಎತ್ತಿ. ಟ್ಯೂನಿಂಗ್ ಗೊತ್ತಿರುವವರ ಹತ್ತಿರ ಹೋಗುವವರೆಗೆ ಜೋರು ಬೇಡ. ಪಿಸ್ಟನ್ ತೂತಾಗೋದು ಹೀಗೇ.

ಘಾಟಿ ಹತ್ತುವಾಗ ಬಿಸಿ ಏರುತ್ತದೆ

ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ರೇಡಿಯೇಟರ್ ಮುಚ್ಚಳದ ರಬ್ಬರ್ ಮೊದಲು ನೋಡಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಮುಖ ಸುಟ್ಟುಕೊಳ್ಳುತ್ತೀರಿ. ಆಮೇಲೆ ಫ್ಯಾನ್ ತಿರುಗುತ್ತಿದೆಯಾ, ಗಾಳಿಯನ್ನು ಎಂಜಿನ್ ಕಡೆಗೇ ಎಳೆಯುತ್ತಿದೆಯಾ ನೋಡಿ. ವೈರ್ ತಿರುಗಾ ಹಾಕಿದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಒಂದು ಕಾಗದ ರೇಡಿಯೇಟರ್ ಮುಂದೆ ಹಿಡಿದರೆ ಗೊತ್ತಾಗುತ್ತದೆ.

ನಿಂತಾಗ ಬಿಸಿ ಏರಿ, ಓಡುವಾಗ ಇಳಿದರೆ ಫ್ಯಾನಿನ ತೊಂದರೆ. ಜೋಡುಪಾಲದಿಂದ ಮದೆನಾಡಿನ ಕಡೆ ಹತ್ತುವಾಗ ಮಾತ್ರ ಏರಿದರೆ ರೇಡಿಯೇಟರ್ ಕಟ್ಟಿದೆ, ಅಥವಾ ಇಗ್ನಿಷನ್ ಟೈಮಿಂಗ್ ಹಿಂದಿದೆ, ಅಂದರೆ ಕಿಡಿ ತಡವಾಗಿ ಹಾರುತ್ತಿದೆ. ಇಸಿಯುವಿನಲ್ಲಿ ಟೈಮಿಂಗ್ 10 ಡಿಗ್ರಿಗೆ ಕಟ್ಟಿಹಾಕಿ, ಗನ್ ಲೈಟ್ (ಟೈಮಿಂಗ್ ನೋಡುವ ಮಿಣುಕು ದೀಪ) ಹಿಡಿದು ಪುಲ್ಲಿಯ ಮೇಲೂ 10 ಇದೆಯಾ ನೋಡಿ. ನೀರು ಕಡಿಮೆಯಾಗುತ್ತಾ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್. ಗಾಡಿ ನಿಲ್ಲಿಸಿ, ಎಳೆಸಿಕೊಂಡು ಹೋಗಿ.

ನಾಲ್ಕು ದಿನ ನಿಂತರೆ ಬ್ಯಾಟರಿ ಖಾಲಿ

ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲಿಗೂ ಕಂಬಕ್ಕೂ ನಡುವೆ ಆಂಪಿಯರ್ ಮೀಟರ್ ಹಾಕಿ. ಎಲ್ಲ ಆಫ್ ಮಾಡಿ ಅರ್ಧ ಗಂಟೆ ಕಾಯಿರಿ. 50 ಮಿಲಿಆಂಪಿಯರ್ ಒಳಗೆ ಇದ್ದರೆ ಸರಿ. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್ ಅವರ್ ಹೋಗುತ್ತದೆ, 45ರ ಬ್ಯಾಟರಿ ನಾಲ್ಕನೇ ದಿನಕ್ಕೆ ಮಲಗುತ್ತದೆ. ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಡಿಜಿಟಲ್ ಡ್ಯಾಶ್, ಟ್ರ್ಯಾಕರ್, ಸ್ಟೀರಿಯೋ, ಇವೇ ಕಳ್ಳರು. ಮೀಟರ್ ಹಾಗೇ ಇಟ್ಟು ಸೆಲ್ಫ್ ಹೊಡೆಯಬೇಡಿ, ಮೀಟರ್ ಹೋಗುತ್ತದೆ.

ಸೋರಿಕೆ ಇಲ್ಲ, ಆದರೂ ಚಾರ್ಜ್ ಆಗುತ್ತಿಲ್ಲ ಅಂದರೆ ಡ್ಯಾಶ್ ಬದಲಿಸಿದ್ದನ್ನು ನೆನಪು ಮಾಡಿಕೊಳ್ಳಿ. ಹಳೇ ಮೀಟರಿನ ಕೆಂಪು ಚಾರ್ಜ್ ಬಲ್ಬ್ ಬರೀ ದೀಪ ಅಲ್ಲ. ಅದರ ಮೂಲಕ ಹರಿಯುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸೋದು. ಅಲ್ಲಿ ಎಲ್‌ಇಡಿ ಹಾಕಿದರೆ ಜೋರಾಗಿ ರೈಸ್ ಮಾಡುವವರೆಗೆ ಆಲ್ಟರ್ನೇಟರ್ ಏಳೋದೇ ಇಲ್ಲ. ಹಳೇ ಬಲ್ಬನ್ನೇ ಡ್ಯಾಶ್ ಹಿಂದೆ ಉಳಿಸಿಕೊಳ್ಳಿ. ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು. 15 ದಾಟಿದರೆ ಕೂಡಲೇ ನಿಲ್ಲಿಸಿ, ಇಸಿಯುವೇ ಹೋದೀತು.

ಇಂಡಿಕೇಟರ್ ಪಟಪಟ ಹೊಡೆಯೋದೂ ಇದೇ ಜಾತಿಯ ತೊಂದರೆ. ಎಲ್‌ಇಡಿಗೆ ತಕ್ಕ ಫ್ಲ್ಯಾಷರ್ ಹಾಕಿದರೆ ಸಾಕು.

ನಡುಕ, ಟಣ್ ಅನ್ನುವ ಸದ್ದು

ಮೊದಲು ಟಯರ್ ಗಾಳಿ, ಚಕ್ರದ ಬ್ಯಾಲೆನ್ಸ್. ಆಮೇಲೆ ಕುಶಾಲನಗರದ ಕಡೆಯ ಸಮ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ನಡುಕ ಬರುವ ವೇಗಕ್ಕೆ ಹೋಗಿ ನ್ಯೂಟ್ರಲ್ ಮಾಡಿ. ನಡುಕ ಹಾಗೇ ಇದ್ದರೆ ಅದು ಶಾಫ್ಟ್ ಅಥವಾ ಚಕ್ರದ್ದು. ನಿಂತರೆ ಎಂಜಿನ್, ಮೌಂಟಿಂಗ್, ಕ್ಲಚ್ ಕಡೆಯದ್ದು.

ಸ್ಪೈಡರಿನಲ್ಲಿ ಗೇರ್‌ಬಾಕ್ಸ್ ಹಿಂದೆ ದಪ್ಪ ರಬ್ಬರ್ ಕಪ್ಲಿಂಗ್ ಇದೆ. ಬಿರುಕು ಬಿಟ್ಟರೆ ಕ್ಲಚ್ ಬಿಡುವಾಗ ಧಡ್ ಅನ್ನುತ್ತದೆ. ಹೊಸದು ಉಕ್ಕಿನ ಪಟ್ಟಿ ಬಿಗಿದು ಬರುತ್ತದೆ, ಬೋಲ್ಟ್ ಹಾಕಿದ ಮೇಲೆ ಪಟ್ಟಿ ಕತ್ತರಿಸಿ ತೆಗೆಯಬೇಕು. ಮುಂಚೆಯೇ ತೆಗೆದವರು ಬೋಲ್ಟ್ ಹಾಕಲಾಗದೆ ಒದ್ದಾಡುತ್ತಾರೆ.

ಶಾಫ್ಟ್ ಹೊಸದಾಗಿ ಮಾಡಿಸಿದ್ದರೆ ಎರಡು ತುದಿಯ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಕಿವಿಗಳು ಒಂದೇ ಸಾಲಿನಲ್ಲಿ ಇರಬೇಕು. ಗೇರ್‌ಬಾಕ್ಸ್ ಮೂಗು ಎಷ್ಟು ಓರೆಯೋ ಹೌಸಿಂಗ್ ಮೂಗೂ ಅಷ್ಟೇ ಓರೆ, 3 ಡಿಗ್ರಿಯ ಒಳಗೆ. ಫೋನಿನ ಲೆವೆಲ್ ಆ್ಯಪ್ ಇಟ್ಟು ಅಳೆಯಬಹುದು. ಲೇತ್‌ನವರು ವೆಲ್ಡ್ ಮಾಡಿ ಕೊಟ್ಟರೆ ಸಾಲದು, ಡೈನಾಮಿಕ್ ಬ್ಯಾಲೆನ್ಸ್ ಮಾಡಿಸಿದ ಶಾಫ್ಟೇ ಬೇಕು. ಹಾಗೆ ಮಾಡಿಸದ ಶಾಫ್ಟ್ ಹಾಕಿಕೊಂಡು 80 ದಾಟಬೇಡಿ. ತುಂಡಾದರೆ ನೆಲ ಸೀಳಿಕೊಂಡು ಕಾಲ ಹತ್ತಿರ ಬರುತ್ತದೆ.

ತಿರುವಿನಲ್ಲಿ ಮಾತ್ರ ಹಿಂದಿನಿಂದ ಗಡಗಡ ಅಂದರೆ ಹೆದರಬೇಡಿ. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್‌ಗೆ ಅದರದ್ದೇ ಎಣ್ಣೆ ಬೇಕು. ಸಾದಾ ಗೇರ್ ಆಯಿಲ್ ಹಾಕಿದರೆ ಹಾಗೆ ಕೂಗುತ್ತದೆ.

ನಿಮ್ಮ ಕೈ ಎಲ್ಲಿ ನಿಲ್ಲಬೇಕು

ಪೆಟ್ರೋಲ್ ವಾಸನೆ ಬಂದೂ ಸೋರಿಕೆ ಸಿಗದಿದ್ದರೆ, ವೈರ್ ಸುಟ್ಟ ವಾಸನೆ ಬಂದರೆ, ಒಂದೇ ಫ್ಯೂಸ್ ಎರಡನೇ ಸಲ ಹೋದರೆ ನಿಲ್ಲಿಸಿ. ದೊಡ್ಡ ಫ್ಯೂಸ್ ಹಾಕಿ ಓಡಿಸೋದು ಬೆಂಕಿಗೆ ಆಹ್ವಾನ. ಬ್ರೇಕ್ ಮತ್ತು ಸ್ಟೀರಿಂಗ್ ವಿಷಯದಲ್ಲಿ ಮನೆ ಪ್ರಯೋಗ ಬೇಡವೇ ಬೇಡ.

ಕಾಗದಪತ್ರದ ಬಗ್ಗೆಯೂ ಒಂದು ಮಾತು. ಎಂಜಿನ್ ಬದಲಿಸೋದಿದ್ದರೆ ಮೊದಲು ಆರ್‌ಟಿಒ ಒಪ್ಪಿಗೆ ಬೇಕು. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ನನ್ನಂತೆ ಎಲ್ಲ ಕಿತ್ತು ಹಾಕುವ ಮುಂಚೆ ಯಾವುದು ಬೇಕು ಅಂತ ಯೋಚಿಸಿ. ತೆಗೆದ ಕಾರ್ಬ್ಯುರೇಟರ್, ಡೆಲ್ಕೋ ಮಾರಬೇಡಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ ತೊಂದರೆ ಬಂದ ಹೊತ್ತಿನ ಲಾಗ್, ವೈರಿಂಗ್ ನಕ್ಷೆ, ಇಸಿಯು ಫೈಲಿನ ಒಂದು ಪ್ರತಿ ಒಯ್ಯಿರಿ. ವೈರಿನ ಬಣ್ಣ ನಿಮಗೊಬ್ಬರಿಗೇ ಗೊತ್ತಿದ್ದರೆ ಅವರು ಗಂಟೆ ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ, ದುಡ್ಡೂ ಹಾಗೇ. ನನ್ನ ಡಿಕ್ಕಿಯಲ್ಲಿ ಈಗ ಕಾಯಂ ಇರೋದು ಒಂದು ರಿಲೇ, ಹತ್ತು ಫ್ಯೂಸ್, ಒಂದು ಕ್ರ್ಯಾಂಕ್ ಸೆನ್ಸರ್, ಟಾರ್ಚ್, ಹಗ್ಗ. ರಾತ್ರಿ ಆನೆಕಾಡಿನ ನಡುವೆ ನಿಂತರೆ ಬಾನೆಟ್ ಎತ್ತೋದಿಲ್ಲ. ಹಿಂದೆ ಬರುವ ಗಾಡಿಗೆ ಕೈ ಅಡ್ಡ ಹಾಕಿ, ಹಗ್ಗ ಕಟ್ಟಿಸಿಕೊಂಡು ಸುಂಟಿಕೊಪ್ಪ ಪೇಟೆಯ ದೀಪದ ಕೆಳಗೆ ಬಂದ ಮೇಲೆಯೇ ಮೀಟರ್ ತೆಗೆಯೋದು.